ವಿಳಾಸದಾರರು ಊರಾಗ ಇಲ್ಲ

ಟಪಾಲಿನ ಕೆಲಸದವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ವಿಳಾಸ ಕೇಳುತ್ತ ಮನೆಗೆ ಬರುತ್ತದೆ.

ನಮ್ಮದು ಅಡರಕಟ್ಟಿಯ ಆಚೆಗಿನ ಸಣ್ಣ ಊರು. ನನ್ನ ಮನೆಯ ಪಡಸಾಲೆಯೇ ಪೋಸ್ಟಾಫೀಸು. ಒಂದು ಮೇಜು, ಒಂದು ಠಸ್ಸೆ, ಹೊರಗೋಡೆಗೆ ಕೆಂಪು ಡಬ್ಬಿ. ನಾನು ಎಂಟನೇ ಇಯತ್ತೆವರೆಗೆ ಕಲಿತವನು. ಟಪಾಲಿನ ನಗೆಯ ಸಂಗತಿಗಳನ್ನೆಲ್ಲ ಕಟ್ಟೆಯ ಮೇಲೆ ಕೂತು ಹೇಳಿ ನಗಿಸುತ್ತಿದ್ದವಳು ನನ್ನ ಹೆಂಡತಿ. ನಾನು ಹ್ಞೂಂ ಅನ್ನುತ್ತಿದ್ದೆ, ಅಷ್ಟೆ. ಆಕೆ ಹೋಗಿ ವರ್ಷವಾಯಿತು. ಈಗ ಹೇಳುವವರಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಇನ್ನೊಂದು ಕಾರಣವೂ ಉಂಟು. ಸಣ್ಣ ಊರಿನ ಪೋಸ್ಟು ಮುಚ್ಚಿ ಲಕ್ಷ್ಮೇಶ್ವರಕ್ಕೆ ಸೇರಿಸುತ್ತಾರೆ, ಉಳಿದದ್ದನ್ನು ಕೊರಿಯರ್‌ನವರು ನೋಡಿಕೊಳ್ಳುತ್ತಾರೆ ಎಂದು ಮಾತು ಹಬ್ಬಿತ್ತು. ಮುಚ್ಚಿದರೆ ಎದುರುಮನೆಯ ಅಜ್ಜಿ ಪಿಂಚಣಿಗಾಗಿ ನೋಯುವ ಮೊಣಕಾಲು ಎಳೆದುಕೊಂಡು ಬಸ್ಸು ಹತ್ತಬೇಕು. ನನ್ನ ಪಡಸಾಲೆಯನ್ನು ಮಾತ್ರ ಆಮೇಲೆ ಯಾರೂ ಹತ್ತುವುದಿಲ್ಲ.

೧. ಮೀಸಿ

ಇದು ಹೆಂಡತಿ ಇದ್ದಾಗಿನ ಮಾತು. ಊರಲ್ಲಿ ಇಬ್ಬರಿದ್ದಾರೆ. ಹೆಸರು ಒಂದೇ, ಅಪ್ಪನ ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಒಬ್ಬನಿಗೆ ಮೀಸೆ ಇತ್ತು, ಇನ್ನೊಬ್ಬನಿಗೆ ಇರಲಿಲ್ಲ. ಲಕೋಟೆ ಎಲ್ಲಿಂದ ಬಂತೆಂದು ನೋಡಿದರೆ ಸಾಕು, ಯಾರದೆಂದು ನನ್ನ ಹೆಂಡತಿಗೆ ತಿಳಿಯುತ್ತಿತ್ತು. ಮೂಲೆಯಲ್ಲಿ ಪೆನ್ಸಿಲ್‌ನಿಂದ ‘ಮೀಸಿ’ ಅಥವಾ ‘ಮೀಸಿ ಇಲ್ಲ’ ಎಂದು ಬರೆದಿಡುತ್ತಿದ್ದಳು. ನಾನು ಮುಖ ನೋಡಿ ಕೊಟ್ಟು ಬರುತ್ತಿದ್ದೆ.

ಒಂದು ಸಲ ಮೀಸೆಯವನು ಹರಕೆ ತೀರಿಸಲು ಹೋಗಿ ಪೂರಾ ಬೋಳಿಸಿಕೊಂಡು ಬಂದ. ಜಾಗ ಖಾಲಿ ಆಯಿತೆಂದೋ ಏನೋ, ಇನ್ನೊಬ್ಬ ಮೀಸೆ ಬಿಡತೊಡಗಿದ. ಅದೇ ಹೊತ್ತಿಗೆ ಒಂದು ನೌಕರಿಯ ಹುಕುಂ ಬಂತು. ಮೇಲೆ ‘ಮೀಸಿ’ ಎಂದಿತ್ತು. ಮೀಸೆ ಇದ್ದವನಿಗೆ ಕೊಟ್ಟೆ. ಅವನು ಓಣಿಗೆಲ್ಲ ಪೇಡೆ ಹಂಚಿದ.

ಮೂರನೇ ದಿನ ತಪ್ಪು ತಿಳಿಯಿತು. ಹುಕುಂ ವಾಪಸ್ ಇಸಿದುಕೊಳ್ಳಲು ಹೋದೆ.

‘ಅಲ್ಲೋ, ನೀ ಅರ್ಜೀನ ಹಾಕಿದ್ದಿಲ್ಲಲ್ಲ?’

‘ಸರಕಾರದ ಕಣ್ಣು ಈಗರ ನನ್ನ ಮ್ಯಾಲ ಬಿತ್ತು ಅಂದ್ಕೊಂಡ್ನಿರಿ’ ಅಂದ.

ಹೆಂಡತಿ ಇಬ್ಬರನ್ನೂ ಕಟ್ಟೆಗೆ ಕರೆಸಿದಳು. ‘ಇನ್ನ ಮ್ಯಾಲೆ ಮೀಸಿ ಬಿಡೂದಿರ್ಲಿ, ಬೋಳಸೂದಿರ್ಲಿ, ಮೊದಲ ಪೋಸ್ಟಿಗೆ ಬಂದು ಬರಸ್ರಿ. ಆಮ್ಯಾಲೆ ಕ್ಷೌರದಂಗಡಿಗೆ ಹೋಗ್ರಿ.’

೨. ಲೊಕೇಶನ್

ಹೋದ ಬೇಸಿಗೆಯಲ್ಲಿ ಗದಗಿನಿಂದ ಒಬ್ಬ ಕೊರಿಯರ್‌ನವನು ಗಾಡಿ ಮೇಲೆ ಬಂದ. ಎದುರುಮನೆ ಅಜ್ಜಿಗೆ ಮೊಮ್ಮಗಳು ಏನೋ ಕಳಿಸಿದ್ದಳು. ಅವನು ಫೋನ್ ಹಚ್ಚಿದ. ಅಜ್ಜಿಯ ಫೋನು ಊರಿಗೆಲ್ಲ ಕೇಳಿಸುವಂಥದ್ದು.

‘ಅಜ್ಜಿ, ಲೊಕೇಶನ್ ಕಳಸ್ರಿ.’

‘ಲೋಷನ್ ಮುಗದು ಎಂಟ ದಿನ ಆತೋ ತಮ್ಮಾ. ನಿನ್ನ ಕಡೆನ ಬರತೈತಿ ಅಂತ ಕುಂತೇನಿ.’

‘ಲೋಷನ್ ಅಲ್ರಿ, ಲೊಕೇಶನ್!’

‘ಯಾವದರ ಇರ್ಲಿ. ಮೊಣಕಾಲಿಗೆ ಹತ್ತಿದ್ರಾತು.’

ಅವನು ಅಜ್ಜಿಯ ಮನೆಯ ಮುಂದೆಯೇ ಮೂರು ಸಲ ಹೋದ. ಮೂರು ಸಲ ಬಂದ. ಕಡೆಗೆ ಕೆಂಪು ಡಬ್ಬಿ ಕಂಡು ಗಾಡಿ ನಿಲ್ಲಿಸಿದ.

‘ಕಾಕಾ, ನನಗ ಇನ್ನಾ ಮುಂಡರಗಿ ಮಟಾ ಹೋಗೂದೈತಿ. ಇದನ್ನ ನೀವ ಕೊಟ್ಟಬಿಡ್ರಿ. ನಿಮಗ ಮನಿ ಗೊತ್ತಿರತಾವ.’

ನಾಳೆ ನನ್ನ ಜಾಗಕ್ಕೆ ಬರುವವನು ಇವನೇ. ಅಂಟಿನ ಬಾಟಲಿ ಅವನ ಮುಂದೆ ಸರಿಸಿದೆ.

‘ಟಿಕೀಟ ಹಚ್ಚು. ಕೊಡತೇನಿ.’

೩. ರೊಟ್ಟಿ ಜಗಳ

ಮಳೆಗಾಲ ಹಿಡಿದ ಮೇಲೆ ಮೇಲಿನ ಆಫೀಸಿನಿಂದ ಕಾಗದ ಬಂತು. ಒಂದು ವಾರ ಟಪಾಲು ಎಣಿಸುತ್ತಾರಂತೆ. ಕಡಿಮೆ ಬಿದ್ದರೆ ಮುಚ್ಚುತ್ತಾರಂತೆ. ನಾನು ಯಾರಿಗೂ ಹೇಳಲಿಲ್ಲ. ಅಜ್ಜಿಗೆ ಮಾತ್ರ ಹೇಳಿದೆ. ಸಂಜೆಗೆ ಊರಿಗೆಲ್ಲ ಗೊತ್ತಾಯಿತು.

ಮರುದಿನ ಡಬ್ಬಿ ತುಂಬಿತ್ತು. ಯಾರೂ ಪರಊರಿಗೆ ಬರೆದಿರಲಿಲ್ಲ. ಊರವರು ಊರವರಿಗೇ ಬರೆದಿದ್ದರು. ಟೇಲರ್ ಚಾಚಾ ಮಗ್ಗುಲ ಮನೆಯವರಿಗೆ ಕಾರ್ಡು ಹಾಕಿದ್ದ: ‘ನಿಮ್ಮ ಜಂಪರ ರೆಡಿ ಐತಿ. ನಾನ ಕೂಗಿ ಹೇಳಬಹುದಿತ್ತು. ಪೋಸ್ಟ ಉಳೀಲಿ ಅಂತ ಬರದೇನಿ.’

ನಮ್ಮಲ್ಲಿ ಹಾಕಿದ ಕಾರ್ಡು ಚೀಲದಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ, ಮರುದಿನ ನಮ್ಮಲ್ಲಿಗೇ ಬರುತ್ತದೆ. ಒಂದೇ ಮನೆಯ ಗಂಡ ಹೆಂಡತಿ ಆ ವಾರ ಮಾತು ಬಿಟ್ಟು, ಕಾರ್ಡಿನಲ್ಲೇ ಜಗಳ ಮಾಡಿದರು. ಕಾರ್ಡು ತೆರೆದೇ ಇರುತ್ತದಲ್ಲ. ನಾನು ಓದಬೇಕೆಂದು ಓದಿದ್ದಲ್ಲ.

ಸೋಮವಾರ ಗಂಡ: ‘ರೊಟ್ಟಿ ದಪ್ಪ ಆಗ್ಯಾವ.’

ಮಂಗಳವಾರ ಹೆಂಡತಿ: ‘ತೆಳ್ಳನ್ನವು ಬೇಕಾದ್ರ ನಿಮ್ಮವ್ವಗ ಬರೀರಿ.’

ಬುಧವಾರ ಗಂಡ ಖರೇನೇ ಅವ್ವನಿಗೆ ಬರೆದ. ಅವ್ವ ಅದೇ ಮನೆಯ ಅಡುಗೆಮನೆಯಲ್ಲಿ ಇರುವವಳು. ಗುರುವಾರ ಕೊಟ್ಟೆ. ಅಲ್ಲೇ ಓದಿಸಿಕೊಂಡಳು. ಅಲ್ಲೇ ಉತ್ತರ ಬರೆಸಿದಳು: ‘ಹಿಟ್ಟು ನಾದಿದಾಕಿ ನಾನ.’

ಶುಕ್ರವಾರ ಆ ಮನೆಯಿಂದ ಟಪಾಲಿರಲಿಲ್ಲ.

೪. ಏಳು ದಿನ

ಶನಿವಾರ ಎಣಿಸಲು ಸಾಹೇಬರು ಬಂದರು. ಸಣ್ಣ ವಯಸ್ಸು, ಒಳ್ಳೆಯ ಮನುಷ್ಯ. ಚಾ ಮಾಡಿ ಕೊಟ್ಟೆ. ಒಂದು ಗುಟುಕು ಕುಡಿದು ಕಪ್ಪು ದೂರ ಇಟ್ಟರು. ಎಣಿಸಿದರು. ಮತ್ತೆ ಎಣಿಸಿದರು.

‘ಸ್ವಲ್ಪದಾಗ ಕಡಿಮಿ ಬೀಳತೈತ್ರಿ ಕಾಕಾ.’

ನಾನು ಹ್ಞೂಂ ಅಂದೆ.

ಅವರು ಮೇಜಿನ ಖಾನೆ ಎಳೆದರು. ಒಳಗೆ ದಾರ ಕಟ್ಟಿದ ಒಂದು ಕಟ್ಟು ಕಾರ್ಡುಗಳಿದ್ದವು. ಎಲ್ಲದರ ಮೇಲೂ ಒಂದೇ ಹೆಸರು. ಎಲ್ಲದರ ಮೇಲೂ ನನ್ನ ಕೈಯ ಷರಾ: ‘ಊರಾಗ ಇಲ್ಲ. ಏಳು ದಿನ ಇಡಿ.’

‘ಇವ್ಯಾಕ ಬಟವಾಡೆ ಆಗಿಲ್ಲ?’

‘ವಿಳಾಸದಾರರು ಊರಾಗ ಇಲ್ರಿ.’

‘ಯಾರವ್ರು?’

‘ನನ್ನ ಹೆಂಡ್ತಿರಿ.’

‘ಯಾವಾಗ ಬರ್ತಾರ?’

‘ಹೇಳಿ ಹೋಗಿಲ್ರಿ.’

ಎದುರುಕಟ್ಟೆಯಿಂದ ಅಜ್ಜಿ ಕೂಗಿದಳು. ‘ಸಾಹೇಬ್ರ, ಆಕಿ ತೀರಿಕೊಂಡು ವರ್ಷ ಆತ್ರಿ! ಮೊದಲನೇ ಕಾರ್ಡು ನಾನ ಹಾಕಿಸೇನಿ, ಚಾಚಾನ ಕೈಲೆ ಬರಸಿ. ಎಲ್ಲಾರೂ ಬರೀರಿ ಅಂದ್ರು. ನಾ ಯಾರಿಗೆ ಬರೀಲಿ? ನನ್ನ ಸುಖಾ ದುಃಖಾ ಕೇಳಾಕಿ ಆಕೀ ಒಬ್ಬಾಕಿ. ನನ್ನ ನೋಡಿ ಊರ ಮಂದೀನೂ ಆಕೀಗೇ ಬರದಾರ.’

ಸಾಹೇಬರು ಮೇಲಿದ್ದ ಅಜ್ಜಿಯ ಕಾರ್ಡು ತೆಗೆದು ಓದಿದರು, ದೊಡ್ಡದಾಗಿ:

‘ಮಗಳ, ನಿನ್ನ ಗಂಡ ನೀ ಹೋದಾಗಿಂದ ಅಂಗಿ ಉಲ್ಟಾ ಹಾಕ್ಕೊಂಡು ತಿರಗತಾನ. ಇಬ್ಬರ ಚಾ ಕಾಸಿ ಒಬ್ಬನ ಕುಡೀತಾನ, ಅದೂ ಕಷಾಯ. ನಾ ಹೇಳಿದ್ರ ಹ್ಞೂಂ ಅಂತಾನ. ನೀ ಹೇಳು.’

ಸಾಹೇಬರು ನನ್ನ ಅಂಗಿ ನೋಡಿದರು. ನಾನೂ ನೋಡಿಕೊಂಡೆ. ಹೊಲಿಗೆ ಹೊರಗೇ ಇತ್ತು.

ಅವರು ದೂರ ಇಟ್ಟಿದ್ದ ಕಪ್ಪು ತಗೊಂಡು, ಆ ಕಷಾಯವನ್ನು ಪೂರಾ ಕುಡಿದರು. ಆಮೇಲೆ ಸಣ್ಣ ದನಿಯಲ್ಲಿ ಅಂದರು:

‘ಕಾಕಾ, ನೀವು ಊರಾಗ ಇಲ್ಲ ಅಂತ ಬರದ್ರ ಇವು ಖಾನ್ಯಾಗ ಕುಂಡ್ರತಾವ. ಖರೇ ಏನೈತಿ ಅದನ್ನ ಬರದ್ರ, ಕಳಿಸಿದವ್ರಿಗೆ ವಾಪಸ್ ಹೋಗತಾವ. ವಾಪಸ್ ಹೋಗೂ ಟಪಾಲೂ ಟಪಾಲ ರೀ. ಎಣಿಕ್ಯಾಗ ಬರತೈತಿ.’

ಪೆನ್ನು ಕೊಟ್ಟರು.

ವರ್ಷದಿಂದ ಆ ಮಾತನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಮೊದಲ ಕಾರ್ಡಿಗೆ ಬಹಳ ಹೊತ್ತು ಹಿಡಿಯಿತು. ‘ತೀರಿಕೊಂಡಾರ.’ ಎರಡನೆಯದಕ್ಕೆ ಅಷ್ಟು ಹಿಡಿಯಲಿಲ್ಲ. ಕೊನೆಯದಕ್ಕೆ ಬಂದಾಗ ಅಕ್ಷರ ನೆಟ್ಟಗೆ ಬಂತು. ಒಂದೊಂದಕ್ಕೂ ಠಸ್ಸೆ ಹೊಡೆದೆ.

ಸಾಹೇಬರು ಎಣಿಸಿದರು. ಬೇಕಾದದ್ದಕ್ಕಿಂತ ನಾಲ್ಕು ಹೆಚ್ಚೇ ಬಂತು. ಈ ಸಲಕ್ಕೆ ಪೋಸ್ಟು ಉಳಿಯಿತು.

ಸಾಹೇಬರ ಗಾಡಿ ಹೋದ ಮೇಲೆ ಅಜ್ಜಿಯ ಕಾರ್ಡನ್ನು ಅಜ್ಜಿಗೇ ವಾಪಸ್ ಕೊಡಲು ಹೋದೆ. ಆಕೆ ತಗೊಂಡು ಸೊಂಟಕ್ಕೆ ಸಿಗಿಸಿದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

‘ಇದ್ದಾಗಲೂ ಈ ಪೋಸ್ಟ ಆಕೀನ ನಡಸಿದ್ಲು. ಹೋದ ಮ್ಯಾಲೂ ಆಕೀನ ನಡಸಾಕ ಹತ್ಯಾಳ. ನಿಂದೇನ ಕೆಲಸೈತಿ? ಖಾಕಿ ಅಂಗಿ ಹಾಕ್ಕೊಳ್ಳೂದು. ಅದೂ ಉಲ್ಟಾ.’