ಪರೀಕ್ಷಾರ್ಥ ಅಭ್ಯರ್ಥಿ ಶ್ರೀ ಗುರುಶಾಂತಪ್ಪನವರು

೧೯೯೬ನೇ ಇಸವಿಯ ಅಕ್ಟೋಬರ್ ತಿಂಗಳಲ್ಲಿ, ತೊಂದರೆಯಲ್ಲಿದ್ದ ಒಂದು ದೇಶದ ಅಧ್ಯಕ್ಷ ಪದವಿಗೆ ನನ್ನ ಮಾವನವರಾದ ಶ್ರೀ ಗುರುಶಾಂತಪ್ಪನವರು ಭಾರೀ ಬಹುಮತದಿಂದ ಆಯ್ಕೆಯಾದರೆಂಬ ಸಂಗತಿಯನ್ನು ಈ ಮೂಲಕ ಸಮಸ್ತರ ಅವಗಾಹನೆಗೆ ತರಲಾಗಿದೆ. ಆ ಹೊತ್ತಿನಲ್ಲಿ ಅವರು ವರ್ಜೀನಿಯಾದ ಹರ್ನ್‌ಡನ್‌ನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಬನಿಯನ್ನಿನಲ್ಲಿ ಕೂತು ಟೀವಿಯಲ್ಲಿ ಹವಾಮಾನ ನೋಡುತ್ತಿದ್ದರು. ದೇಶದ ಹೆಸರನ್ನು ನಮ್ಮ ಕಂಪನಿಯ ಕರಾರಿನ ಹನ್ನೆರಡನೇ ಕಲಮಿನ ಪ್ರಕಾರ ಹೇಳುವಂತಿಲ್ಲ. ಹೇಳಿದರೂ ನಿಮಗೆ ಮ್ಯಾಪಿನಲ್ಲಿ ಸಿಗುವುದಿಲ್ಲ. ಅಲ್ಲಿ ಚುನಾವಣೆ ನಡೆಸಿಕೊಟ್ಟ ನನಗೇ ಸಿಕ್ಕಿರಲಿಲ್ಲ.

ಪಕ್ಕದೂರು ರೆಸ್ಟನ್ನಿನ ಈ ಕಂಪನಿ ಇಂಥ ದೇಶಗಳಿಗೆ ರಾಜಕೀಯ ಸ್ಥಿರತೆ ಸರಬರಾಜು ಮಾಡುತ್ತಿತ್ತು. ಸ್ಥಿರತೆ ಅಂದರೆ ನಾಲ್ಕು ಫ್ಲಾಪಿ ಮತ್ತು ಒಂದು ಕೈಪಿಡಿ. ಮತ ಎಣಿಸುವ ಪ್ರೋಗ್ರಾಂ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಪ್ರಜಾಪ್ರಭುತ್ವದ ಮೇಲೆ ನನಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಗ್ರೀನ್‌ಕಾರ್ಡು. ಮ್ಯಾನೇಜರ್ ಖಾಲಿದ್ ಸಾಹೇಬರು, ಬೆಂಗಳೂರಿನ ಶಿವಾಜಿನಗರದವರು, ಮೊದಲ ದಿನವೇ ಹೇಳಿಬಿಟ್ಟಿದ್ದರು: "ನೋಡ್ರೀ, ಎಲೆಕ್ಷನ್ ಸಕ್ಸಸ್ ಆದ್ರೆ ನಿಮ್ಮ ಗ್ರೀನ್‌ಕಾರ್ಡ್ ಅಪ್ಲೈ ಮಾಡ್ತೀವಿ. ಫೇಲ್ ಆದ್ರೆ ನಾನೇ ಏರ್‌ಪೋರ್ಟ್‌ವರೆಗೂ ಡ್ರೈವ್ ಮಾಡಿ ಬಿಟ್ಟು ಬರ್ತೀನಿ."

ಪ್ರೋಗ್ರಾಂ ಪರೀಕ್ಷೆಗೆ ಒಬ್ಬ ಸುಳ್ಳು ಅಭ್ಯರ್ಥಿ ಬೇಕಿತ್ತು. ಅಮೆರಿಕನ್ನರಾದರೆ ಇಂಥ ಕಡೆ ಎಲ್ಲೂ ಇಲ್ಲದ ಯಾರದೋ ಹೆಸರು ಹಾಕುತ್ತಾರೆ. ನಮಗೆ ಅದು ಒಗ್ಗುವುದಿಲ್ಲ. ಲಗ್ನಪತ್ರಿಕೆಯಾಗಲಿ, ಪ್ರೋಗ್ರಾಂ ಆಗಲಿ, ಮೊದಲು ಮನೆಯ ಹಿರಿಯರ ಹೆಸರು ಬೀಳಬೇಕು. ಮಾವನವರು ಹೇಗೂ ಆರು ತಿಂಗಳಿಗೆಂದು ಬಂದಿದ್ದರು. ಅವರ ಹೆಸರು ಹಾಕಿದೆ. ಓದಲಾಗದ ಮತಗಳೆಲ್ಲ ಸದ್ಯಕ್ಕೆ ಅವರಿಗೇ ಹೋಗಲಿ ಅಂತಲೂ ಬರೆದೆ. ಆಮೇಲೆ ತೆಗೆದರಾಯಿತು ಅಂದುಕೊಂಡು, ಆಮೇಲೆ ಮರೆತೆ. ಹೊಟ್ಟೆಗೆ ಅನ್ನ ತಿನ್ನುವವನು ಮಾಡುವ ಕೆಲಸವೇ ಇದು?

ಅಲ್ಲಿ ನಿಜವಾಗಿ ನಿಂತಿದ್ದವರು ಮೂವರು: ಹಳೆಯ ಅಧ್ಯಕ್ಷರು, ಸೇನಾಪತಿಗಳು, ಮತ್ತು ಕಾಡಿನಲ್ಲಿದ್ದ ಬಂಡಾಯದ ನಾಯಕರು. ಯಾರು ಸೋತರೂ ಗುಂಡು ಹಾರುವುದು ಖಂಡಿತವಿತ್ತು. ಮತದಾರರೇನು ದಡ್ಡರೇ? ಯಾರ ಮನಸ್ಸನ್ನೂ ನೋಯಿಸುವುದು ಬೇಡವೆಂದು ಮೂವರ ಹೆಸರಿಗೂ ಮುದ್ರೆ ಒತ್ತಿದ್ದರು. ಹೀಗಾಗಿ ಶೇಕಡಾ ಎಪ್ಪತ್ತೊಂದು ಮತಗಳನ್ನು ಓದಲಾಗದೆ, ಅವು ನೆಟ್ಟಗೆ ನಮ್ಮ ಮಾವನವರಿಗೆ ಬಂದವು.

ಬೆಳಿಗ್ಗೆ ಆಫೀಸಿನಲ್ಲಿ ಫಲಿತಾಂಶದ ಫ್ಯಾಕ್ಸ್ ಕಾದಿತ್ತು. ಖಾಲಿದ್ ಸಾಹೇಬರ ರೂಮಿಗೆ ಓಡಿದೆ.

"ಸರ್, ಗುರುಶಾಂತಪ್ಪ ಅನ್ನೋರು ಕ್ಯಾಂಡಿಡೇಟೇ ಅಲ್ಲ. ನನ್ನ ಹೆಂಡತಿ ತಂದೆ."

"ಜನ ಗಲಾಟೆ ಮಾಡ್ತಿದಾರಾ?"

"ಇಲ್ಲ ಸರ್. ಪಟಾಕಿ ಹೊಡೀತಿದಾರಂತೆ."

"ಆರ್ಮಿ?"

"ಕಾಡಿನೋರು ಗೆಲ್ಲಲಿಲ್ಲ ಅಂತ ಆರ್ಮಿಗೆ ಖುಷಿ. ಆರ್ಮಿ ಗೆಲ್ಲಲಿಲ್ಲ ಅಂತ ಕಾಡಿನೋರಿಗೆ ಖುಷಿ."

"ಮತ್ತೆ ತಪ್ಪು ಎಲ್ಲಿದೆ, ತೋರಿಸ್ರೀ ನೋಡೋಣ? ಇದನ್ನ ಬಗ್ ಅನ್ಬೇಡಿ, ಒಮ್ಮತ ಅನ್ನಿ. ಮಾವನ್ನ ರೆಡಿ ಮಾಡಿ. ಮಧ್ಯಾಹ್ನ ಡೆಲಿಗೇಶನ್ ಬರತ್ತೆ."

ಸ್ವಾಭಿಮಾನ ಇದ್ದವನು ಅಲ್ಲೇ ಆಗೋದಿಲ್ಲ ಅನ್ನುತ್ತಿದ್ದ. ನಾನು, "ಹಾಗಾದ್ರೆ ಸರ್, ನನ್ನ ಅಪ್ಲಿಕೇಶನ್ನು?" ಅಂದೆ.

ವಾಷಿಂಗ್ಟನ್ನಿನಲ್ಲಿದ್ದ ಮೂರೂ ಕಡೆಯ ಪ್ರತಿನಿಧಿಗಳು ಒಂದೇ ವ್ಯಾನಿನಲ್ಲಿ ಬಂದು, ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಕೂತರು. ನನ್ನ ಹೆಂಡತಿ ಶೈಲಜಾ ಉಪ್ಪಿಟ್ಟು ಕೊಟ್ಟಳು. ಸೇನೆಯ ಕಡೆಯವರು ಎರಡನೇ ಸಲವೂ ಹಾಕಿಸಿಕೊಂಡರು. ಮಾವನವರು ದಾವಣಗೆರೆ ಕಡೆಯ ತಾಲ್ಲೂಕು ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೂವತ್ತೆಂಟು ವರ್ಷದ ಸೇವೆಯಲ್ಲಿ ಒಂದು ಫೈಲನ್ನೂ ಕಳೆದವರಲ್ಲ, ಒಂದನ್ನೂ ಮುಗಿಸಿದವರೂ ಅಲ್ಲ. ಕನ್ನಡಕ ಹಾಕಿಕೊಂಡು ಆಯ್ಕೆಯ ಪತ್ರವನ್ನು ಎರಡು ಸಲ ಓದಿದರು.

"ಅಳಿಯಂದಿರೇ, ಇದು ಮರುನೇಮಕ ಆಯ್ತು. ಎಷ್ಟು ವರ್ಷಕ್ಕೆ?"

"ಮೂರು ವರ್ಷ, ಮಾವ."

"ಪೆನ್ಷನ್ನಿಗೆ ತೊಂದರೆ ಇಲ್ವಲ್ಲ?"

"ಇಲ್ಲ ಮಾವ."

"ಹಂಗಾದ್ರೆ ಸರಿ. ಇಲ್ಲಿ ಕೂತು ಹವಾಮಾನ ನೋಡಿ ನೋಡಿ ಸಾಕಾಗಿತ್ತು."

ಶೈಲಜಾ ನನ್ನನ್ನು ಅಡಿಗೆಮನೆಗೆ ಎಳೆದಳು. "ಗ್ರೀನ್‌ಕಾರ್ಡಿಗೆ ಅಂತ ಜನ ಲಾಯರ್ ಇಟ್ಕೋತಾರೆ. ನೀವು ನಮ್ಮಪ್ಪಾಜೀನೇ ಅಡ ಇಟ್ರಲ್ರೀ! ನಾಚಿಕೆ ಆಗಲ್ವಾ ನಿಮ್ಗೆ?" ಆಯಿತು, ನಿಜವಾಗಿಯೂ ಆಯಿತು. ನಾಚಿಕೆಪಡುತ್ತಲೇ ಹೋಗಿ ಮಾವನವರ ಸೂಟ್‌ಕೇಸಿಗೆ ಎರಡು ಸ್ವೆಟರ್ ತುಂಬಿದೆ.

ಅವರು ಅಧಿಕಾರ ವಹಿಸಿಕೊಂಡ ಮೂರನೇ ವಾರಕ್ಕೆ ಸೇನೆ ಕ್ರಾಂತಿಗೆ ಹೊರಟಿತು. ಮಾವನವರು ತಡೆಯಲಿಲ್ಲ. ಸೇನಾಪತಿಗಳ ಪತ್ರದ ಮೇಲೆ ಹಸಿರು ಶಾಯಿಯಲ್ಲಿ ಷರಾ ಬರೆದರು: "ಕ್ರಾಂತಿಯ ಪ್ರಸ್ತಾವನೆಯನ್ನು ನಿಗದಿತ ನಮೂನೆಯಲ್ಲಿ, ಮೂರು ಪ್ರತಿಗಳಲ್ಲಿ, ಮೇಲಧಿಕಾರಿಗಳ ಮೂಲಕ ಸಲ್ಲಿಸತಕ್ಕದ್ದು. ಉರುಳಿಸಬೇಕಾದ ಸರ್ಕಾರದಿಂದ ನಿರಾಕ್ಷೇಪಣಾ ಪತ್ರ ಲಗತ್ತಿಸಿರುವುದಿಲ್ಲ. ಹಿಂದಿರುಗಿಸಿದೆ." ಸೇನಾಪತಿಗಳು ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿಕೊಂಡರು. ಅದು ಪರಿಶೀಲನೆಯಲ್ಲಿದೆ. ಇತ್ತ ಬಂಡಾಯದವರು ಶರಣಾಗಲು ಬಂದರೆ, ವಾಸಸ್ಥಳ ದೃಢೀಕರಣ ಪತ್ರವಿಲ್ಲದೆ ಶರಣಾಗತಿ ಸ್ವೀಕರಿಸಲು ನಿಯಮವಿಲ್ಲವೆಂದು, ಬಂದೂಕು ಮಾತ್ರ ಇಟ್ಟುಕೊಂಡು ರಸೀದಿ ಕೊಟ್ಟು ಕಳಿಸಿದರು. ನಲವತ್ತು ವರ್ಷಗಳಲ್ಲಿ ಮೊದಲ ಸಲ ಆ ದೇಶದಲ್ಲಿ ಏನೂ ಆಗಲಿಲ್ಲ. ಪರಿಣತರು ಇದನ್ನು ಸ್ಥಿರತೆ ಎಂದು ಕರೆದರು.

ಕಂಪನಿ ಮಾತಿಗೆ ತಪ್ಪಲಿಲ್ಲ. ಗ್ರೀನ್‌ಕಾರ್ಡಿಗೆ ಮುಂಚೆ, ಆ ಕೆಲಸ ಬಲ್ಲ ಅಮೆರಿಕನ್ನರು ಯಾರೂ ಇಲ್ಲವೆಂದು ಪೇಪರಿನಲ್ಲಿ ಜಾಹೀರಾತು ಕೊಟ್ಟು ತೋರಿಸಬೇಕು. ಇರುವವನ ಅಳತೆ ತೆಗೆದೇ ಜಾಹೀರಾತು ಹೊಲಿಯುವುದು ವಾಡಿಕೆ. ನನ್ನದು ಹೀಗಿತ್ತು: "ಬೇಕಾಗಿದ್ದಾರೆ, ಪ್ರೋಗ್ರಾಮರ್. ಐದು ವರ್ಷದ ಅನುಭವ. ಅರ್ಜಿದಾರನು ಯಾವುದಾದರೊಂದು ದೇಶದ ಹಾಲಿ ಅಧ್ಯಕ್ಷರ ಅಳಿಯನಾಗಿರತಕ್ಕದ್ದು. ಮಾವನಿಗೆ ಕಂದಾಯ ಇಲಾಖೆಯಲ್ಲಿ ಮೂವತ್ತೆಂಟು ವರ್ಷದ ಸೇವೆ ಕಡ್ಡಾಯ."

ಅಮೆರಿಕನ್ನರು ಒಬ್ಬರೂ ಅರ್ಜಿ ಹಾಕಲಿಲ್ಲ. ಅಟ್ಲಾಂಟಾ ಹತ್ತಿರದ ನಾರ್‌ಕ್ರಾಸ್‌ನಿಂದ ಸುರೇಶ ಎಂಬುವವರು ಫೋನ್ ಮಾಡಿ, ತಮ್ಮ ಮಾವನವರು ತಹಸೀಲ್ದಾರರಾಗಿದ್ದವರು, ಎಲ್ಲಾದರೂ ಸಣ್ಣ ದೇಶ ಇದ್ದರೆ ಹೇಳಿ ಎಂದರು. ಖಾಲಿದ್ ಸಾಹೇಬರು ನಂಬರ್ ಬರೆದುಕೊಂಡರು.

ಅರ್ಜಿ ಹೋಯಿತು. ಕ್ಯೂ ಉದ್ದವಿದೆ, ಕಾಯಿರಿ ಎಂದರು. ಕಾರ್ಡು ಕೈಗೆ ಬರುವ ತನಕ ಜಾಹೀರಾತಿನ ಅರ್ಹತೆಗಳೆಲ್ಲ ಚಾಲ್ತಿಯಲ್ಲಿರಬೇಕು ಎಂದು ಲಾಯರು ಎಚ್ಚರಿಸಿದರು. ಕಾಯುತ್ತ ಕಾಯುತ್ತ ೧೯೯೯ ಬಂತು. ಒಂದು ಭಾನುವಾರ ಮಾವನವರ ಫೋನು.

"ಅಳಿಯಂದಿರೇ, ಅವಧಿ ಮುಗೀತಾ ಬಂತು. ಊರಿಗೆ ಹೋಗಬೇಕು ಅನ್ನಿಸ್ತದೆ. ಇಲ್ಲಿ ಕನ್ನಡದಾಗೆ ಮಾತಾಡಾಕೆ ಒಂದು ನರಪಿಳ್ಳೆ ಇಲ್ಲ. ಹೋಗ್ಲಾ?"

ಹೋಗಿ ಮಾವ ಅನ್ನಬೇಕೆಂದು ಬಾಯಿ ತೆರೆದೆ. ಪಕ್ಕದಲ್ಲಿ ಶೈಲಜಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಕಾರ್ಡು ಇನ್ನೂ ಬಂದಿಲ್ಲ ಮಾವ," ಅಂದೆ.

"ಇರ್ಲಿ ಬಿಡ್ರಿ," ಅಂದರು. "ಫೈಲ್ ಅಂದ್ಮೇಲೆ ತಡ ಆಗ್ತದೆ. ನನಗೆ ಗೊತ್ತಿಲ್ವಾ?"

ಮಾರನೆಯ ದಿನ ಸುಗ್ರೀವಾಜ್ಞೆ ಹೊರಟಿತು: ಮಾನ್ಯ ಅಧ್ಯಕ್ಷರ ಅಧಿಕಾರಾವಧಿಯನ್ನು ಅವರ ಅಳಿಯಂದಿರ ಗ್ರೀನ್‌ಕಾರ್ಡು ಬರುವವರೆಗೆ ವಿಸ್ತರಿಸಿದೆ. ಮೂರೂ ಪಕ್ಷಗಳು ಮೇಜು ಕುಟ್ಟಿ ಅಂಗೀಕರಿಸಿದವು. ಆ ದೇಶದಲ್ಲಿ ಈಗ ಚುನಾವಣೆ ಯಾವಾಗ ಅಂತ ಯಾರೂ ಕೇಳುವುದಿಲ್ಲವಂತೆ. ಸಂತೆಯಲ್ಲಿ, ಬಸ್ಸಿನಲ್ಲಿ ಎದುರಾದವರು ಒಬ್ಬರನ್ನೊಬ್ಬರು ಕೇಳುವುದು ಇಷ್ಟೇ: "ಅಳಿಯಂದಿರ ಕಾರ್ಡು ಬಂತಾ?"