ಆರೂವರೆಗೆ ಬೆರಳು ಕೊಡು!

ಶುಗರ್ ಇರೋದು ನನ್ನ ಹೆಂಡತಿ ಉಮಾಮಹೇಶ್ವರಿಗೆ. ಅದನ್ನು ಹತೋಟಿಯಲ್ಲಿಡೋ ಜವಾಬ್ದಾರಿ ನಂದು! ಆರು ತಿಂಗಳ ಹಿಂದೆ ನಾನು ಹೀಗೆ ಘೋಷಿಸಿದಾಗ ಡಾಕ್ಟರು ತಲೆ ಅಲ್ಲಾಡಿಸಿದ್ದರು. "ಅವರ ಕಾಯಿಲೆ ಅವರೇ ನೋಡ್ಕೊಳ್ಳೋದು ಕಲೀಲಿ ಸಾರ್. ನೀವು ಪಕ್ಕದಲ್ಲಿರಿ, ಸಾಕು."

ಬರೀ ಪಕ್ಕದಲ್ಲಿರೋದಾ? ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದ ಪ್ರಸನ್ನಕುಮಾರ್ ನಾನು! ಜನ್ನಾಪುರದ ನಮ್ಮ ಮನೆಯಲ್ಲಿ ಮಾರನೇ ದಿನವೇ ರಿಜಿಸ್ಟರ್ ತೆರೆದೆ. ಬೆಳಗ್ಗೆ ಆರೂವರೆಗೆ ಸರಿಯಾಗಿ ಬೆರಳು, ರಕ್ತ, ನಂಬರು, ನನ್ನ ಸಹಿ.

ಸಿಹಿಯ ವಿಷಯದಲ್ಲಂತೂ ನನ್ನ ತ್ಯಾಗ ಅಷ್ಟಿಷ್ಟಲ್ಲ. ಪಕ್ಕದ ಮನೆ ಶಾಂತಮ್ಮ ಹೋಳಿಗೆ ಕಳಿಸಲಿ, ಬೀಗರು ಲಾಡು ತರಲಿ, ಉಮಾಳ ಕಣ್ಣಿಗೆ ಬೀಳೋ ಮೊದಲೇ ಅಷ್ಟನ್ನೂ ನಾನೇ ತಿಂದು ಮುಗಿಸುತ್ತಿದ್ದೆ. ಹೆಂಡತಿಗಾಗಿ ಯಾರು ಮಾಡ್ತಾರೆ ಇಷ್ಟು?

ಮೊನ್ನೆ ಸೋಮವಾರ ಉಮಾ ಶಿವನ ಅಭಿಷೇಕಕ್ಕೆ ಬಾಳೆಹಣ್ಣು, ಸಕ್ಕರೆ, ಜೇನು ಎಲ್ಲ ಕೈಯಲ್ಲೇ ಕಿವುಚಿ ಪಂಚಾಮೃತ ಮಾಡಿ ಈಚೆ ಬಂದಳು. ಗಡಿಯಾರ ನೋಡಿದೆ.

"ಬೆರಳು!"

"ತಡೀರಿ, ಕೈ ತೊಳ್ಕೊಂಡು ಬರ್ತೀನಿ."

"ಆರೂವರೆ ಅಂದ್ರೆ ಆರೂವರೆ! ಸೆರಗಿಗೆ ಒರೆಸ್ಕೊ!"

ಚುಚ್ಚಿದೆ. ಶುಗರ್ ಮಿಷನ್ ತೋರಿಸಿದ್ದು ನಾನೂರ ಹನ್ನೆರಡು!

"ಏನು ಕದ್ದು ತಿಂದೆ, ಮಾರಾಯ್ತಿ?"

"ದೇವರಾಣೆಗೂ ಹನಿ ನೀರು ಕುಡಿದಿಲ್ಲ ರೀ!"

ನಿಜ ಹೇಳ್ತೀನಿ, ಇವಳಿಲ್ಲದ ಮನೆ ಒಂದು ಕ್ಷಣ ಕಣ್ಮುಂದೆ ಬಂತು. ಆದರೂ ಕರ್ತವ್ಯ ಮರೆಯಲಿಲ್ಲ. ದೇವರಿಗೆ ಎರಡು ಚಮಚ ಅರ್ಪಿಸಿ, ಉಳಿದ ಪಂಚಾಮೃತ ಅವಳ ಬಾಯಿಗೆ ಹೋಗದಂತೆ ಇಡೀ ಬಟ್ಟಲು ನಾನೇ ಕುಡಿದೆ. ಕೈ ತೊಳೆಯೋಕೂ ಬಿಡದೆ ಅವಳನ್ನು ಹುಲಿಯಪ್ಪನ ಆಟೋ ಹತ್ತಿಸಿ ಶಿವಮೊಗ್ಗದ ಕ್ಲಿನಿಕ್ಕಿಗೆ ಹೊರಟೆ.

ದಾರಿಯುದ್ದಕ್ಕೂ ಗಾಬರಿಗೆ ನನಗೇ ಬಾಯಾರಿಕೆ. ಎರಡು ಬಾಟಲಿ ನೀರು ಖಾಲಿ! ಮೂರು ಸಲ ಆಟೋ ನಿಲ್ಲಿಸಿ ಬೇಲಿಯ ಮರೆ ಹುಡುಕಿದೆ.

"ಯಜಮಾನ್ರೆ, ಪೇಷೆಂಟು ನೀವೋ, ಅಮ್ಮೋರೋ?" ಅಂದ ಹುಲಿಯಪ್ಪ.

"ಬಾಯ್ಮುಚ್ಕೊಂಡು ಓಡ್ಸಯ್ಯ!"

ಕ್ಲಿನಿಕ್ಕಿನಲ್ಲಿ ನರ್ಸ್ ವಿಮಲಾ ನನ್ನ ರಿಜಿಸ್ಟರ್ ಮುಟ್ಟಲೂ ಇಲ್ಲ. ಉಮಾಳ ಅಂಟಂಟು ಬೆರಳು ಹಿಡಿದು ನೋಡಿದರು.

"ಅಮ್ಮಾ, ಕೈ ತೊಳೆದಿದ್ರಾ?"

"ತೊಳೀತೀನಿ ಅಂದೆ. ಇವರು ಬಿಟ್ರೆ ತಾನೆ?"

ಸೋಪು ಹಾಕಿ ತೊಳೆಸಿ ಚುಚ್ಚಿದರು. ನೂರ ಹದಿನೆಂಟು! ಬೆಳಗ್ಗೆ ಮಿಷನ್ ಅಳೆದದ್ದು ಬೆರಳಿಗಂಟಿದ್ದ ಸಕ್ಕರೆ, ಜೇನನ್ನಂತೆ! ನನಗೆ ಹೋದ ಜೀವ ಬಂತು. ಆ ಸಂತೋಷಕ್ಕೆ ಇನ್ನೆರಡು ಲೋಟ ನೀರು ಗಟಗಟ ಕುಡಿದೆ. ವಿಮಲಾ ನನ್ನನ್ನೇ ನೋಡ್ತಿದ್ದರು.

"ಸಾರ್, ನೀವೂ ಕೈ ತೊಳ್ಕೊಂಡು ಬನ್ನಿ."

"ನನಗ್ಯಾಕೆ? ಗುಂಡುಕಲ್ಲಿನ ಹಾಗಿದ್ದೀನಿ!"

ಆದರೂ ಎರಡೆರಡು ಸಲ ಸೋಪು ಹಾಕಿ ತೊಳೆದು ಬಂದು ಬೆರಳು ಕೊಟ್ಟೆ. ಮುನ್ನೂರ ಎಂಬತ್ತಾರು! ಮಿಷನ್ ಕೆಟ್ಟಿದೆ ಅಂತ ಕೂಗಾಡಿದೆ. ಬೇರೆ ಮಿಷನ್ ತಂದರು. ಅದು ಮುನ್ನೂರ ಎಂಬತ್ತೊಂಬತ್ತು ಅಂತು! ಆರು ತಿಂಗಳ ತ್ಯಾಗವೆಲ್ಲ ರಕ್ತದಲ್ಲೇ ಕೂತಿತ್ತು.

ಉಮಾ ನನ್ನ ಕೈಯಿಂದ ರಿಜಿಸ್ಟರ್ ತಗೊಂಡಳು. ರಟ್ಟಿನ ಮೇಲಿದ್ದ ತನ್ನ ಹೆಸರು ಹೊಡೆದು ನನ್ನ ಹೆಸರು ಬರೆದು, ನನ್ನ ತೊಡೆಯ ಮೇಲಿಟ್ಟಳು.

"ನಾಳೆಯಿಂದ ನಿಮ್ಮ ಬೆರಳು ನೀವೇ ಚುಚ್ಕೊಳ್ಳಿ. ನಾನು ಪಕ್ಕದಲ್ಲಿರ್ತೀನಿ, ಸಾಕು."