ಜೋಲಿಯ ಅಡಿಗೆ ಕಟ್ಟಿದ ರಜಾಯಿ

ಹೋದ ಚಳಿಗಾಲದಲ್ಲಿ ಲುಬೋರ್ ಚಿಹಾಕ್‌ನ ಬೆನ್ನು ಮರಗಟ್ಟದೇ ಇದ್ದಿದ್ದರೆ ಈ ರಾದ್ಧಾಂತವೇ ಆಗುತ್ತಿರಲಿಲ್ಲ. ಷುಮಾವಾ ಕಾಡಿನಲ್ಲಿ ಎರಡು ಮರಗಳ ನಡುವೆ ತೂಗುಜೋಲಿ ಕಟ್ಟಿ ಮಲಗಿದ್ದ. ಮೈಮೇಲೆ ಮೂರು ಕಂಬಳಿ, ಬೆನ್ನಡಿಗೆ ಬರೀ ಗಾಳಿ. ಬೆಳಗಾಗುವಷ್ಟರಲ್ಲಿ ಗೆಳೆಯರಿಬ್ಬರು ಅವನನ್ನು ಐಸ್‌ಪೆಟ್ಟಿಗೆಯ ಮೀನಿನಂತೆ ಎತ್ತಿ ಕಾರಿನ ಹೀಟರ್ ಮುಂದೆ ಇಡಬೇಕಾಯಿತು. ಅಂದಿನಿಂದ ಅವರು ಅವನನ್ನು ಕರೆಯುತ್ತಿದ್ದದ್ದೇ 'ಮೀನು' ಎಂದು.

ಲುಬೋರ್‌ಗೆ ಉರಿದುಹೋಯಿತು. ಕ್ಲಾತೊವಿ ಊರಿನ ಡೇರಿಯಲ್ಲಿ ಹಾಲಿನ ಉಷ್ಣತೆ ಅಳೆಯುವ ಕೆಲಸ ಅವನದು. ಇಪ್ಪತ್ತೆರಡು ವರ್ಷದಲ್ಲಿ ಅರ್ಧ ಡಿಗ್ರಿಯೂ ತಪ್ಪಿದವನಲ್ಲ. ಮೂರು ತಿಂಗಳು ಹೊಲಿಗೆ ಯಂತ್ರದ ಮುಂದೆ ಕೂತು, ಹಳೇ ಹೂವಿನ ಪರದೆಗೆ ಬಾತುಕೋಳಿಯ ಪುಕ್ಕ ತುಂಬಿ, ಕಾರಿನ ಗಾಜಿಗೆ ಮುಚ್ಚುವ ಬೆಳ್ಳಿ ಹಾಳೆಯನ್ನು ಸೇರಿಸಿ, ಜೋಲಿಯ ಅಡಿಗೆ ಕಟ್ಟುವ ರಜಾಯಿ ಹೊಲಿದ. ಮುಂದಿನ ಶುಕ್ರವಾರ ಮತ್ತೆ ಕಾಡಿಗೆ ಹೊರಡಬೇಕಿತ್ತು. ಅದಕ್ಕೆ ಮುಂಚೆ ಒಂದು ಪರೀಕ್ಷೆ.

ಶನಿವಾರ ಬೆಳಿಗ್ಗೆ ಹೆಂಡತಿ ಮಿಲುಷೆ ತನ್ನ ಅಕ್ಕನನ್ನು ನೋಡಲು ಪ್ಲ್ಜೆನ್‌ನ ಬಸ್ಸು ಹತ್ತಿದ ಕೂಡಲೇ, ಫ್ಲಾಟುಗಳ ಹಿಂದಿನ ಅಂಗಳದ ಎರಡು ಮರಗಳಿಗೆ ಜೋಲಿ ಬಿಗಿದ. ಹೊರಗೆ ಮೈನಸ್ ಆರು. ಬೆನ್ನಡಿಯ ಥರ್ಮಾಮೀಟರಿನಲ್ಲಿ ಇಪ್ಪತ್ತೆಂಟು! ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಜೋಲಿಯಲ್ಲಿ ಕುಣಿಯಲು ಬರುವುದಿಲ್ಲವಾದ್ದರಿಂದ ಸುಮ್ಮನೆ ಕಣ್ಣು ಮುಚ್ಚಿದ.

"ಅಯ್ಯೋ ದೇವರೇ! ಲುಬೋರ್!"

ಕಣ್ಣು ಬಿಟ್ಟರೆ ಕೆಳಮನೆಯ ಹಾವ್ರಾಂಕೊವಾ ಮುದುಕಿ, ಪಕ್ಕದಲ್ಲಿ ಅವಳ ಉದ್ದ ಮೈಯ ನಾಯಿ.

"ಹೆಂಡ್ತಿ ಮನೆಯಿಂದ ಹೊರಗೆ ಹಾಕಿದ್ಳೇನಪ್ಪಾ?"

"ಯಾರು ಹಾಕೋದು? ನಾನಾಗೇ ಮಲಗಿದೀನಿ!"

"ಹೌದೌದು. ಮರ್ಯಾದಸ್ಥರು ಹಾಗೇ ಹೇಳೋದು," ಎಂದು ಮುದುಕಿ ಕಣ್ಣೊರೆಸಿಕೊಂಡಳು.

"ಇದು ಪರೀಕ್ಷೆ ರೀ! ಬೆಚ್ಚಗಿದೆ! ಇಪ್ಪತ್ತೆಂಟು ಡಿಗ್ರಿ!"

"ಜ್ವರಾನೂ ಬಂದಿದೆ," ಎನ್ನುತ್ತಾ ಅವಳು ಓಡಿದಳು.

ಹತ್ತು ನಿಮಿಷದಲ್ಲಿ ಬೆಳ್ಳುಳ್ಳಿ ಸೂಪು ಬಂತು. ಅದರ ಹಿಂದೆಯೇ ಕಟ್ಟಡದ ಸಮಿತಿಯ ಅಧ್ಯಕ್ಷ, ನಿವೃತ್ತ ರೈಲ್ವೆ ಗಾರ್ಡ್ ಸೌಕುಪ್, ರಮ್ ಬೆರೆಸಿದ ಚಹಾ ಹಿಡಿದು ಬಂದ. "ಗಂಡಸರ ಕಷ್ಟ ಗಂಡಸರಿಗೇ ಗೊತ್ತು ಕಣಯ್ಯ," ಎಂದು ಜೋಲಿಯ ಅಂಚಿನಲ್ಲೇ ಕೂತ. ಜೋಲಿ ವಾಲಿತು. ಸೂಪು ಲುಬೋರ್‌ನ ಕತ್ತಿನಿಂದ ಇಳಿದು ರಜಾಯಿಯನ್ನು ಚೆನ್ನಾಗಿ ನೆನೆಸಿತು.

"ಏಳ್ರೀ! ಮೂರು ತಿಂಗಳ ಕೆಲಸ ಇದು!"

"ಮೂರು ತಿಂಗಳಿಂದ ಹೀಗೇ ನಡೀತಿದೆಯಂತೆ!" ಎಂದು ಸೌಕುಪ್ ಕಿಟಕಿಗಳತ್ತ ಕೂಗಿದ. ಅಷ್ಟು ಹೊತ್ತಿಗೆ ಪ್ರತಿ ಕಿಟಕಿಯಲ್ಲೂ ಒಂದೊಂದು ತಲೆಯಿತ್ತು. ಅವೆಲ್ಲ ಒಂದೊಂದಾಗಿ ಕೆಳಗಿಳಿದವು.

ಸೂಪಿನ ವಾಸನೆ ಹಿಡಿದ ನಾಯಿ ರಜಾಯಿಗೆ ಬಾಯಿ ಹಾಕಿತು. ಲುಬೋರ್ ಒಂದು ಕಡೆ ಎಳೆದ, ನಾಯಿ ಇನ್ನೊಂದು ಕಡೆ. ಪರ್ರೆಂದು ಹೊಲಿಗೆ ಬಿಚ್ಚಿ ಪುಕ್ಕವೆಲ್ಲ ಅಂಗಳದ ತುಂಬ ಹಾರಿತು. ತಡವಾಗಿ ಬಂದವರು ಪುಕ್ಕ ನೋಡಿ, "ಹಾಸಿಗೇನೂ ಹರಿದು ಬಿಸಾಕಿದಾಳೆ, ಪಾಪಿ!" ಎಂದರು. ಒದ್ದೆ ಬೆನ್ನಿಗೆ ಗಾಳಿ ತಾಕಿ ಲುಬೋರ್‌ನ ಹಲ್ಲು ಕಟಕಟ ಅನ್ನತೊಡಗಿತು. ಈಗ ಅವನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಮೊದಲೂ ಯಾರಿಗೆ ತಿಳಿದಿತ್ತು!

ಮನೆಗಾದರೂ ಹೋಗೋಣವೆಂದರೆ ಸೌಕುಪ್ ಬಿಡಲಿಲ್ಲ. "ಈಗ ಸೋತು ಒಳಗೆ ಹೋದ್ರೆ ಮುಗೀತು ನಿನ್ನ ಕತೆ. ಅವಳು ಬರಲಿ. ನಾವಿದೀವಿ!"

ಮಧ್ಯಾಹ್ನ ಮಿಲುಷೆ ಚೀಲ ಹಿಡಿದು ಬಂದಾಗ ಅಂಗಳದಲ್ಲಿ ಹದಿನಾಲ್ಕು ಜನ ಕಾಯುತ್ತಿದ್ದರು.

"ನಾಚಿಕೆ ಆಗಲ್ವೇನೆ? ಇಂಥಾ ಚಳೀಲಿ ಕಟ್ಟಿಕೊಂಡ ಗಂಡನ್ನ ಹೊರಗೆ ಹಾಕ್ತಾರಾ?" ಎಂದು ಹಾವ್ರಾಂಕೊವಾ ಮೇಲೆ ಬಿದ್ದಳು.

ಲುಬೋರ್‌ಗೆ ಹೋದ ಜೀವ ಬಂತು. "ಹೇ-ಹೇಳು ಮಿಲುಷೆ! ಇವರಿಗೆ ನಿ-ನಿಜ ಹೇಳು!"

ಮಿಲುಷೆ ಗಂಡನನ್ನು ನೋಡಿದಳು. ಮೈಗೆ ಬೆಳ್ಳಿ ಹಾಳೆ, ಕತ್ತಿಗೆ ಹೂವಿನ ಪರದೆ, ಮೀಸೆಯಲ್ಲಿ ಪುಕ್ಕ. ಆಮೇಲೆ ಆ ಹದಿನಾಲ್ಕು ಜನರ ಮುಖವನ್ನು ನೋಡಿದಳು. ಚೀಲ ಕೆಳಗಿಟ್ಟಳು.

"ಹೌದು. ನಾನೇ ಹೊರಗೆ ಹಾಕಿದ್ದು."

ಲುಬೋರ್‌ನ ಹಲ್ಲುಗಳು ಕೂಡ ಸದ್ದು ನಿಲ್ಲಿಸಿದವು.

"ಅಂಥಾ ತಪ್ಪೇನಮ್ಮಾ ಮಾಡಿದ?" ಸೌಕುಪ್‌ನ ದನಿಯೇ ಬದಲಾಗಿತ್ತು.

"ಎಲ್ಲರ ಮುಂದೆ ನನ್ನ ಬಾಯಿಂದ ಹೇಳಿಸಬೇಡಿ," ಎಂದು ಅವಳು ತಲೆ ತಗ್ಗಿಸಿದಳು.

ಅಷ್ಟೇ ಸಾಕಾಯಿತು. "ಮೊದಲೇ ಅನ್ಕೊಂಡೆ, ಮುಖ ನೋಡಿದ್ರೇ ಗೊತ್ತಾಗುತ್ತೆ," ಎಂದು ಹಾವ್ರಾಂಕೊವಾ ಸೂಪಿನ ಬಟ್ಟಲನ್ನು ಕಿತ್ತುಕೊಂಡಳು. ಸೌಕುಪ್ ರಮ್ ಚಹಾವನ್ನು ತಾನೇ ಕುಡಿದು ಮುಗಿಸಿ ತೀರ್ಪು ಕೊಟ್ಟ: ಲುಬೋರ್ ಎಲ್ಲರೆದುರು ಕ್ಷಮೆ ಕೇಳಬೇಕು, ಇನ್ನು ಮುಂದೆ ಒಂದು ರಾತ್ರಿಯೂ ಮನೆಯ ಹೊರಗೆ ಕಳೆಯುವುದಿಲ್ಲವೆಂದು ಮಾತು ಕೊಡಬೇಕು.

"ನಾನು ಮಾಡಿದ್ದಾದರೂ ಏನ್ರೀ?"

"ಅದೂ ನಾವೇ ಹೇಳ್ಬೇಕಾ? ಎಷ್ಟು ಧೈರ್ಯ ನೋಡಿ!"

ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯದ ಸ್ಥಿತಿಯಲ್ಲಿ ಲುಬೋರ್ ಕ್ಷಮೆ ಕೇಳಿದ, ಮಾತೂ ಕೊಟ್ಟ. ಹದಿನಾಲ್ಕು ಜನವೂ ಚಪ್ಪಾಳೆ ತಟ್ಟಿದರು.

ಮೂರನೇ ಮಹಡಿಯ ಬಾಗಿಲು ಮುಚ್ಚಿದ್ದೇ ತಡ ಅವನು ಸ್ಫೋಟಿಸಿದ. "ಯಾಕೆ ಮಿಲುಷೆ? ಯಾಕೆ ಸುಳ್ಳು ಹೇಳಿದೆ?"

ಮಿಲುಷೆ ಅವನ ಮೀಸೆಯ ಪುಕ್ಕವನ್ನು ಕಿತ್ತು ಹಾಕಿದಳು. "ನೋಡು, ಗಂಡನ್ನ ಹೊರಗೆ ಹಾಕೋ ಹೆಂಡತಿ ಪ್ರತಿ ಕಟ್ಟಡದಲ್ಲೂ ಒಬ್ಬಳು ಇರ್ತಾಳೆ. ನಾಲ್ಕು ದಿನ ಮಾತಾಡ್ತಾರೆ, ಬಿಡ್ತಾರೆ. ಮೈನಸ್ ಆರರಲ್ಲಿ ಪರದೆ ಸುತ್ತಿಕೊಂಡು, ಖುಷಿಗೋಸ್ಕರ ಮರಕ್ಕೆ ಜೋತುಬೀಳೋನ ಹೆಂಡತಿ ಅಂತ ಗೊತ್ತಾದ್ರೆ ನಾನು ಮನೆ ಬದಲಾಯಿಸಬೇಕಾಗುತ್ತೆ!"

ಆಗ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಸೌಕುಪ್, ಅವನ ಹಿಂದೆ ಉಳಿದವರು.

"ಶುಕ್ರವಾರ ಸಂಜೆ ನಾವೆಲ್ಲ ಬಂದು ನಿನ್ನ ಜೊತೆ ಇಸ್ಪೀಟು ಆಡ್ತೀವಿ ಕಣಯ್ಯ. ಇನ್ಮೇಲೆ ಪ್ರತಿ ಶುಕ್ರವಾರಾನೂ. ನಿನ್ನಂಥವರನ್ನ ಒಂಟಿಯಾಗಿ ಬಿಡಬಾರದು."